ಭೀಮಪಲಾಸಿಯಲ್ಲಿ ಒಂದು ರಿಷಭ

ಇದು ನಾವು ಅಕ್ಕ-ತಮ್ಮ ಸೇರಿ ಬರೆದ ಪ್ರಬಂಧ. ಒಬ್ಬಳು ಚೆನ್ನೈಯಲ್ಲಿ, ಒಬ್ಬನು ಹೈದರಾಬಾದಿನಲ್ಲಿ. ಬರೆದದ್ದನ್ನು ಪರಸ್ಪರ ಕಳಿಸಿ ತಿದ್ದಿಕೊಂಡಿದ್ದೇವೆ. ಹೀಗಾಗಿ ಇಲ್ಲಿ ಬರುವ ‘ನಾವು’ ಲೇಖಕರ ಗತ್ತಿನ ಬಹುವಚನವಲ್ಲ. ತಪ್ಪು ಮಾಡಿದ್ದೂ ಇಬ್ಬರೂ ಸೇರಿಯೇ ಆದ್ದರಿಂದ ಬರೆಯುವುದನ್ನೂ ಜೊತೆಯಾಗಿಯೇ ಬರೆಯಬೇಕೆನಿಸಿತು.

ಅಪ್ಪ 1968ರಲ್ಲಿ ಧಾರವಾಡ ಬಿಟ್ಟು ಪುಣೆಗೆ ಬಂದರು. ಕಾರ್ಖಾನೆಯೊಂದರಲ್ಲಿ ಕೆಲಸ, ಸಂಜೆಗೆ ಹಾರ್ಮೋನಿಯಂ. ವೃತ್ತಿಯಿಂದ ಸಂಗೀತಗಾರರಲ್ಲ, ಕನ್ನಡ ಸಂಘದ ಭಜನೆಗೆ, ಗಣೇಶೋತ್ಸವದ ಗಾಯನಕ್ಕೆ ಸಾಥಿ ಕೊಡುತ್ತಿದ್ದ ಹವ್ಯಾಸಿ. ಆದರೆ ರಾಗದ ವಿಷಯದಲ್ಲಿ ಹವ್ಯಾಸಿಯ ಸಡಿಲು ಅವರಲ್ಲಿರಲಿಲ್ಲ. ಹಾರ್ಮೋನಿಯಂ ಬಗ್ಗೆ ಅವರಿಗೊಂದು ಹಳೆಯ ಕೊರಗಿತ್ತು. ಅದರಲ್ಲಿ ಮೀಂಡ್ ಬಾರದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿ ಅದಕ್ಕಿಲ್ಲ. ಮೆಟ್ಟಿಲು ಹತ್ತಬೇಕು, ಇಳಿಯಬೇಕು. ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, 1971ರವರೆಗೂ ಒಳಗೆ ಬಿಟ್ಟುಕೊಳ್ಳದಿದ್ದುದಕ್ಕೆ ಹೇಳಿದ ಕಾರಣಗಳಲ್ಲಿ ಇದೂ ಒಂದು. ‘ಅವರು ಹೇಳಿದ್ದರಾಗ ಸುಳ್ಳೇನಿಲ್ಲ’ ಎಂದು ಅಪ್ಪ ತಮ್ಮ ವಾದ್ಯವನ್ನೇ ಬಿಟ್ಟುಕೊಟ್ಟು ಮಾತಾಡುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಎಡ ಭುಜ ನೋಯತೊಡಗಿತು. ಭಾತೆ ಹಾಕುವುದು ಕಷ್ಟವಾಯಿತು. ಆಗ ನಾವು ಅವರಿಗೊಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಕೊಡಿಸಿದೆವು. ಅದರ ಎಡಬದಿಯಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಒಂದು ಚಕ್ರವಿತ್ತು. ಮುಂದಕ್ಕೆ ನೂಕಿದರೆ ಸ್ವರ ಏರುತ್ತದೆ, ಹಿಂದಕ್ಕೆ ಎಳೆದರೆ ಇಳಿಯುತ್ತದೆ, ಬಿಟ್ಟರೆ ತಾನಾಗಿ ಮಧ್ಯಕ್ಕೆ ಬರುತ್ತದೆ. ನಾಲ್ಕು ದಶಕ ಭಾತೆ ಹಾಕಿದ ಎಡಗೈಗೆ ಇಷ್ಟು ಹಗುರವಾದ ಕೆಲಸ ಸಿಕ್ಕಿತು. ಸಿಕ್ಕ ಕೆಲಸವೋ ಮೀಂಡ್! ಅಪ್ಪನಿಗೆ ಆದ ಸಂತೋಷವನ್ನು ಅವ್ವ ಇಂದಿಗೂ ವರ್ಣಿಸುತ್ತಾಳೆ. ಮಧ್ಯಾಹ್ನ ಮೂರಕ್ಕೆ ಕೂತರೆ ಭೀಮಪಲಾಸಿ. ಪಕ್ಕದ ಮನೆಯವರ ವಾಮಕುಕ್ಷಿಗೆ ಭಂಗ ಬಾರದಿರಲೆಂದು ಕಿವಿಗೆ ಹೆಡ್‌ಫೋನ್. ಹೀಗಾಗಿ ಅವರು ನುಡಿಸಿದ್ದನ್ನು ಕೇಳುತ್ತಿದ್ದವರು ಅವರೊಬ್ಬರೇ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬೇಸಿಗೆ ರಜೆಗೆ ಹೋದ ಮೊಮ್ಮಗಳು ಕೀಬೋರ್ಡನ್ನು ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ನುಡಿಸಿದ್ದನ್ನು ಮಿಡಿ ಕಡತವಾಗಿ ಉಳಿಸುವುದನ್ನು ಅಜ್ಜನಿಗೆ ಕಲಿಸಿ ಬಂದಳು. ಕಡತಗಳು ನಮಗೆ ಈಮೇಲಿನಲ್ಲಿ ಬರತೊಡಗಿದವು. ಅದೇ ವರ್ಷ, 2016ರಲ್ಲಿ, ಅಪ್ಪನ ನೆನಪು ಜಾರತೊಡಗಿತ್ತು. ಹೆಸರು ಮರೆಯುವುದು, ಗ್ಯಾಸ್ ಆರಿಸಲು ಮರೆಯುವುದು. ನಾವು ದೂರದಲ್ಲಿದ್ದೆವು, ದೂರದಲ್ಲಿರುವ ಮಕ್ಕಳು ಮಾಡುವಂತೆ ಪ್ರತಿಯೊಂದನ್ನೂ ಲಕ್ಷಣವೆಂದು ಎಣಿಸತೊಡಗಿದ್ದೆವು.

ಹೈದರಾಬಾದಿನಲ್ಲಿ ಹಳೆಯ ಸೌಂಡ್ ಕಾರ್ಡ್ ಇದ್ದ, ಲಿನಕ್ಸ್ ಹಾಕಿದ್ದ ಡೆಸ್ಕ್‌ಟಾಪ್ ಒಂದಿತ್ತು. ಕಡತವನ್ನು ಅದರಲ್ಲಿ ನುಡಿಸಿದೆವು. ಮಂದ್ರ ನಿಷಾದದಿಂದ ಷಡ್ಜಕ್ಕೆ ಬಂದು, ಅಲ್ಲಿಂದ ಮೇಲಕ್ಕೆ ಜಾರಿದ ಸ್ವರ ರಿಷಭದ ಮೇಲೆ ಹೋಗಿ ನಿಂತಿತು. ಮತ್ತೊಮ್ಮೆ ಅದೇ. ಭೀಮಪಲಾಸಿಯನ್ನು ಬಲ್ಲವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಆರೋಹದಲ್ಲಿ ರಿಷಭ, ಧೈವತ ಎರಡೂ ವರ್ಜ್ಯ. ರಿಷಭ ಬರುವುದು ಇಳಿಯುವಾಗ ಮಾತ್ರ. ನಮಗೆ ಚಿಕ್ಕಂದಿನಲ್ಲಿ ಈ ನಿಯಮವನ್ನು ಕಲಿಸಿದವರೇ ಅಪ್ಪ. ಚೆನ್ನೈಯಲ್ಲಿ ಅದೇ ಕಡತವನ್ನು ಮೊಬೈಲಿನ ಬೇರೊಂದು ಆ್ಯಪಿನಲ್ಲಿ ನುಡಿಸಿ ನೋಡಿದೆವು. ಅಲ್ಲಿಯೂ ಅದೇ ರಿಷಭ. ಇಬ್ಬರು ಸಾಕ್ಷಿಗಳು ಬೇರೆ ಬೇರೆ ಊರಿನಿಂದ ಒಂದೇ ಮಾತು ಹೇಳಿದಂತಾಯಿತು.

ಆ ಭಾನುವಾರ ಫೋನಿನಲ್ಲಿ ಮೂವರೂ ಇದ್ದೆವು. ‘ಅಪ್ಪಾ, ಭೀಮಪಲಾಸಿ ಒಳಗ ಏರೂ ಮುಂದ ರಿಷಭ ಹತ್ತೇದಲ್ಲ?’ ಎಂದೆವು. ನಮ್ಮಿಬ್ಬರಲ್ಲಿ ಯಾರು ಅಂದದ್ದೆಂಬುದನ್ನು ಬರೆಯುವುದು ಬೇಡವೆಂದು ತೀರ್ಮಾನಿಸಿದ್ದೇವೆ. ಅತ್ತಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಹೌದೇನು? ನನ್ನ ಕಿವಿಗೆ ಪಂಚಮನ ಕೇಳತದ. ಇರಬಹುದು. ಈಗೀಗ ಯಾವುದೂ ನಂಬಂಗಿಲ್ಲ ನೋಡು’ ಎಂದರು. ‘ನನ್ನ ಕಿವಿಗೆ ಪಂಚಮ ಕೇಳುತ್ತದೆ’ ಎಂಬ ಮಾತನ್ನು ಅಂದು ನಾವು ಕಾಯಿಲೆಯ ಲೆಕ್ಕಕ್ಕೆ ಬರೆದುಕೊಂಡೆವು.

ಇನ್ನು ಸ್ವಲ್ಪ ಯಂತ್ರದ ಮಾತು. ಮಿಡಿ ಎಂದರೆ ವಾದ್ಯಗಳು ಅಂಕಿಗಳಲ್ಲಿ ಮಾತಾಡಿಕೊಳ್ಳಲು ಮಾಡಿಕೊಂಡ ಒಪ್ಪಂದ. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ವ್ಯಾಪಾರಿಗಳ ಮೇಳದಲ್ಲಿ, ಸ್ಪರ್ಧಿಗಳಾಗಿದ್ದ ಎರಡು ಕಂಪನಿಗಳ ಸಿಂಥಸೈಜರುಗಳನ್ನು ಒಂದು ಕೇಬಲ್ಲಿನಿಂದ ಜೋಡಿಸಿ, ಒಂದರ ಮನೆ ಒತ್ತಿದರೆ ಇನ್ನೊಂದು ನುಡಿಯುವುದನ್ನು ತೋರಿಸಿದರು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಇದರ ಹಿಂದಿದ್ದ ಮುಖ್ಯರು; ಮೂವತ್ತು ವರ್ಷಗಳ ನಂತರ, 2013ರಲ್ಲಿ, ಇಬ್ಬರಿಗೂ ಸೇರಿ ತಾಂತ್ರಿಕ ಗ್ರ್ಯಾಮಿ ಬಂತು. ಆ ಕೇಬಲ್ಲಿನಲ್ಲಿ ಧ್ವನಿ ಹರಿಯುವುದಿಲ್ಲ. ಹರಿಯುವುದು ಸಮಾಚಾರ: ಇಂಥ ಮನೆಯನ್ನು ಇಷ್ಟು ಬಲವಾಗಿ ಒತ್ತಿದರು, ಬಿಟ್ಟರು, ಚಕ್ರವನ್ನು ಇಷ್ಟು ತಿರುಗಿಸಿದರು. ಸೆಕೆಂಡಿಗೆ 31,250 ಬಿಟ್ಟುಗಳಷ್ಟೇ ಸಾಗುವ ದಾರಿ. ಮೂರು ಬೈಟಿನ ಒಂದು ಸಂದೇಶಕ್ಕೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ಹತ್ತು ಬೆರಳು, ಪೆಡಲ್, ಚಕ್ರ ಎಲ್ಲವೂ ಇದರಲ್ಲೇ ಹೋಗಬೇಕೆಂದರೆ ಜಿಪುಣತನ ಅನಿವಾರ್ಯ. ಹಾಗಾಗಿ ಮಿಡಿ ಬದಲಾದದ್ದನ್ನು ಮಾತ್ರ ಹೇಳುತ್ತದೆ, ಇದ್ದಂತೆ ಇರುವುದನ್ನು ಹೇಳುವುದಿಲ್ಲ. ಧ್ವನಿಯ ಮಟ್ಟ 100 ಎಂದು ಒಮ್ಮೆ ಹೇಳಿದರೆ ಮುಗಿಯಿತು. ಮತ್ತೆ ಹೇಳುವವರೆಗೂ ಕೇಳುವವನು ಅದನ್ನು ನೆನಪಿಟ್ಟುಕೊಂಡಿರಬೇಕು. ಮರೆತರೆ ‘ಏನಂದಿರಿ?’ ಎಂದು ತಿರುಗಿ ಕೇಳುವಂತೆಯೂ ಇಲ್ಲ, ಏಕೆಂದರೆ ಮೂಲ ಕೇಬಲ್ ಒಮ್ಮುಖದ್ದು.

ನೆನಪಿಟ್ಟುಕೊಳ್ಳುವವರು ಯಾರು? ಎದುರಿಗೆ ಸಿಂಥಸೈಜರ್ ಇದ್ದರೆ ಅದೇ. ಆದರೆ ನಮ್ಮಲ್ಲಿದ್ದಂಥ ಹಳೆಯ ಸೌಂಡ್ ಕಾರ್ಡಿನ ಚಿಪ್ಪಿಗೆ ಮಿಡಿ ಅರ್ಥವಾಗುವುದಿಲ್ಲ. ಈ ಧ್ವನಿಯ ತುಣುಕನ್ನು ಇಷ್ಟು ವೇಗದಲ್ಲಿ ನುಡಿಸು, ನಿಲ್ಲಿಸು ಎಂಬುದಷ್ಟೇ ಅದಕ್ಕೆ ಗೊತ್ತು. ನೆನಪಿನ ಕೆಲಸವೆಲ್ಲ ಕಾರ್ಯಾಚರಣ ವ್ಯವಸ್ಥೆಯೊಳಗಿನ ಡ್ರೈವರಿನದು. ಡ್ರೈವರ್ ಎಂಬ ಹೆಸರೇ ತಪ್ಪೆಂದು ನಮಗನಿಸುತ್ತದೆ. ಅದು ಮಾಡುವುದು ಕಂಡಕ್ಟರನ ಕೆಲಸ. ನಮ್ಮ ಸಾರಿಗೆ ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುತ್ತಾನಲ್ಲ, ಅಂಥ ಬಾಕಿಯ ಲೆಕ್ಕಗಳೇ ಡ್ರೈವರಿನ ತುಂಬ.

ಲಿನಕ್ಸಿನ ಧ್ವನಿ ವಿಭಾಗದಲ್ಲಿ ಇದಕ್ಕೆಂದೇ ಒಂದು ಕಡತವಿದೆ, ಸೀಕ್ ಮಿಡಿ ಎಮ್ಯುಲ್ ಎಂದು. ಹದಿನಾರು ಚಾನೆಲ್ಲುಗಳಲ್ಲಿ ಪ್ರತಿಯೊಂದಕ್ಕೂ ಅದು ಎರಡು ಪಟ್ಟಿಗಳನ್ನಿಟ್ಟಿರುತ್ತದೆ. 128 ಕಂಟ್ರೋಲರುಗಳ ಕೊನೆಯ ಬೆಲೆ ಒಂದರಲ್ಲಿ, 128 ಸ್ವರಗಳ ಸ್ಥಿತಿ ಇನ್ನೊಂದರಲ್ಲಿ. ಎಲ್ಲ ಸೇರಿ ನಾಲ್ಕು ಕಿಲೋಬೈಟು. ಈ ಪ್ರಬಂಧಕ್ಕಿಂತ ಎಷ್ಟೋ ಚಿಕ್ಕದು. ಸ್ವರದ ಸ್ಥಿತಿ ಎಂದರೆ ಬರಿಯ ‘ನುಡಿಯುತ್ತಿದೆ, ಇಲ್ಲ’ ಎಂದಷ್ಟೇ ಅಲ್ಲ. ಸಸ್ಟೇನ್ ಪೆಡಲ್ ಒತ್ತಿ ಹಿಡಿದಿರುವಾಗ ಬೆರಳು ಮನೆಯಿಂದೆದ್ದರೂ ಸ್ವರ ನಿಲ್ಲಬಾರದು. ಡ್ರೈವರ್ ಆಗ ಆ ಸ್ವರದ ಮುಂದೆ ‘ಬಿಟ್ಟಾಗಿದೆ’ ಎಂದು ಗುರುತು ಹಾಕಿಟ್ಟುಕೊಳ್ಳುತ್ತದೆ. ಪೆಡಲ್ಲಿನಿಂದ ಕಾಲು ತೆಗೆದೊಡನೆ 128 ಸ್ವರಗಳನ್ನೂ ಒಂದೊಂದಾಗಿ ನೋಡಿ, ಗುರುತಿರುವುದನ್ನೆಲ್ಲ ನಿಲ್ಲಿಸುತ್ತದೆ. ಬಾಕಿ ತೀರಿತು. ಪೆಡಲ್ಲಿನ ಬೆಲೆ 0ಯಿಂದ 127ರವರೆಗೆ ಎಷ್ಟು ಬೇಕಾದರೂ ಇರಬಹುದಾದರೂ ಈ ಡ್ರೈವರಿಗೆ ನಾಜೂಕು ಬೇಡ: 64 ಮುಟ್ಟಿದರೆ 127, ಇಲ್ಲವಾದರೆ ಸೊನ್ನೆ. ಅರ್ಧ ಒತ್ತಿದ ಪೆಡಲ್ ಎಂಬ ಸ್ಥಿತಿ ಅದರ ಲೋಕದಲ್ಲಿಲ್ಲ. ಪಿಯಾನೋ ಕಲಿತವರು ಇದನ್ನು ಕೇಳಿದರೆ ನೊಂದುಕೊಂಡಾರು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಸಂಗೀತದ ಕಾರ್ಯಕ್ರಮಗಳಿಗೆ ಹೋಗುವ ಎಲ್ಲರೂ ಕಂಡಿರುತ್ತಾರೆ. ನಮ್ಮ ಸಂಘದ ರಾಜ್ಯೋತ್ಸವದಲ್ಲೊಮ್ಮೆ ಮನೆ ಒತ್ತಿದ್ದಾಗಲೇ ಯಾರದೋ ಕಾಲಿಗೆ ಸಿಕ್ಕಿ ಕೇಬಲ್ ಕಿತ್ತುಬಂತು. ‘ಬಿಟ್ಟರು’ ಎಂಬ ಸಂದೇಶ ಹೋಗಲೇ ಇಲ್ಲ. ಸ್ವರ ನಿಲ್ಲದೆ ನುಡಿಯಿತು; ಮುಂದಿನ ಸಾಲಿನ ಹಿರಿಯರೊಬ್ಬರು ತಂಬೂರಿ ಚೆನ್ನಾಗಿದೆಯೆಂದು ತಲೆದೂಗಿದರು. ಇಂಥದ್ದಕ್ಕೆಂದೇ ಮಿಡಿಯಲ್ಲಿ ‘ಇದ್ದೇನೆ’ ಎಂದು ಸುಮ್ಮನೆ ಹೇಳುತ್ತಿರುವ ಒಂದು ಸಂದೇಶವುಂಟು. ಒಮ್ಮೆ ಹೇಳಲು ತೊಡಗಿದ ವಾದ್ಯ 300 ಮಿಲಿಸೆಕೆಂಡುಗಳ ಕಾಲ ಏನೂ ಹೇಳದಿದ್ದರೆ ಕೇಳುವವನು ಎಲ್ಲ ಸ್ವರಗಳನ್ನೂ ನಿಲ್ಲಿಸಬೇಕು. ವಿಂಡೋಸಿನಲ್ಲಿ ಹೊರಹೋಗುವ ಮಿಡಿಯನ್ನು ರೀಸೆಟ್ ಮಾಡುವ ಆದೇಶವಿದೆ. ಅದು ಎಲ್ಲ ಚಾನೆಲ್ಲುಗಳ ಎಲ್ಲ ಸ್ವರಗಳಿಗೂ ‘ನಿಲ್ಲು’ ಎಂದು ಹೇಳಿ, ಪೆಡಲನ್ನೂ ಬಿಡಿಸುತ್ತದೆ. ಯಾರು ಬಾಕಿ ಎಂದು ಗೊತ್ತಿಲ್ಲದಾಗ ಎಲ್ಲರ ಬಾಕಿಯನ್ನೂ ತೀರಿಸಿಬಿಡುವ ಉಪಾಯ.

ಇಷ್ಟೆಲ್ಲ ನಮ್ಮಲ್ಲಿ ಕಿರಿಯವನಿಗೆ ಮೊದಲೇ ಗೊತ್ತಿತ್ತು. ಸಾಫ್ಟ್‌ವೇರ್ ಅವನ ಅನ್ನ. ಗೊತ್ತಿದ್ದೂ ಹೊಳೆಯಲಿಲ್ಲ. ಡ್ರೈವರ್ ತಾನು ಕೇಳಿದ್ದನ್ನು ಮರೆಯದಿದ್ದರೆ ಸಾಕೆಂದು ಅವನು ತಿಳಿದಿದ್ದ. ಅದು ಕಿವಿ ತೆರೆಯುವ ಮೊದಲೇ ಆಗಿಹೋದದ್ದರ ಪ್ರಶ್ನೆ ಅವನಿಗೆ ಏಳಲಿಲ್ಲ.

ಈ ಪ್ರಶ್ನೆ ಹೊರನಾಡಿನಲ್ಲಿರುವ ನಮಗೆಲ್ಲ ಹೊಸದೇನಲ್ಲ. ಅಪ್ಪನ ಧಾರವಾಡದಲ್ಲಿ ಕೊನೆಯವರೆಗೂ 1968ರ ಅಂಗಡಿಗಳೇ ಇದ್ದವು, ಅಂದಿನ ಬೆಲೆಗಳೇ ಇದ್ದವು. ಯಾರಾದರೂ ಊರಿಗೆ ಹೋಗಿಬಂದು ‘ಅದಿಲ್ಲ ಈಗ’ ಎಂದರೆ ಆ ಒಂದನ್ನು ತಿದ್ದಿಕೊಳ್ಳುತ್ತಿದ್ದರು, ಉಳಿದದ್ದು ಹಾಗೇ. ನಮಗಂತೂ ಅವರು ಹೇಳದೇ ಬಿಟ್ಟ ಊರು ಗೊತ್ತೇ ಇಲ್ಲ. ಹೇಳಬೇಕಾದ್ದೆಂದು ಅವರಿಗೆ ಅನಿಸಿರಲಿಲ್ಲ, ಏಕೆಂದರೆ ಅವರ ಪಾಲಿಗೆ ಅದು ಇದ್ದಂತೆ ಇತ್ತು.

ಅಪ್ಪ 2018ರಲ್ಲಿ ತೀರಿಕೊಂಡರು. ಅವ್ವ ಹೈದರಾಬಾದಿಗೆ ಬಂದಳು, ಅವಳ ಸಾಮಾನಿನ ಜೊತೆಗೆ ಕೀಬೋರ್ಡೂ ಬಂತು. ಮರುವರ್ಷದ ಶ್ರಾದ್ಧಕ್ಕೆ ಎಲ್ಲರೂ ಕೂಡಿದ್ದಾಗ ಮೊಮ್ಮಗಳು ಅದನ್ನು ಹೊರತೆಗೆದು ಪ್ಲಗ್ ಹಾಕಿದಳು. ‘ಒಂದನೇ ಗುಂಡಿ ಒತ್ತು. ಅಜ್ಜಾ ಬ್ಯಾರೆ ಯಾವುದೂ ಮುಟ್ಟತಿರಲಿಲ್ಲ, ಅದನ್ನ ಒತ್ತಿ ಕೂಡತಿದ್ರು’ ಎಂದಳು ಅವ್ವ. ಅದು ವಾದಕ ತನಗೆ ಬೇಕಾದ ಏರ್ಪಾಟನ್ನು ಉಳಿಸಿಟ್ಟುಕೊಳ್ಳುವ ಗುಂಡಿ. ಹುಡುಗಿ ಅದನ್ನು ಒತ್ತಿ, ಷಡ್ಜ ಹಿಡಿದು, ಎಲ್ಲ ಮಕ್ಕಳೂ ಮಾಡುವಂತೆ ಚಕ್ರವನ್ನು ಕೊನೆಯವರೆಗೂ ನೂಕಿದಳು.

ಪಂಚಮ ಬಂತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಡುಗಿಗೆ ಏನೂ ತಿಳಿಯದೆ ಮತ್ತೊಮ್ಮೆ ನೂಕಿದಳು. ಮತ್ತೆ ಪಂಚಮ. ಪರದೆಯ ಮೇಲೆ ಒಂದೊಂದೇ ಆಯ್ಕೆಯನ್ನು ದಾಟುತ್ತ ಹೋದಾಗ, ಚಕ್ರ ಸ್ವರವನ್ನು ಎಷ್ಟು ದೂರ ಒಯ್ಯಬಹುದೆಂಬಲ್ಲಿ 7 ಎಂದಿತ್ತು. ಏಳು ಅರ್ಧಸ್ವರ. ಷಡ್ಜದಿಂದ ನೂಕಿದರೆ ಪಂಚಮ, ಶುದ್ಧ ಮಧ್ಯಮದಿಂದ ನೂಕಿದರೆ ತಾರ ಷಡ್ಜ. ಅಪ್ಪನ ಕೈ ಆ ದಿನಗಳಲ್ಲಿ ನಡುಗುತ್ತಿತ್ತು. ಚಕ್ರವನ್ನು ನಡುವೆ ಎಲ್ಲೋ ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಅವರಿಂದಾಗುತ್ತಿರಲಿಲ್ಲ. ಕೊನೆ ಮುಟ್ಟುವವರೆಗೂ ನೂಕುವುದು ಆಗುತ್ತಿತ್ತು. ಕೊನೆ ಮುಟ್ಟಿದಲ್ಲಿ ರಾಗಕ್ಕೆ ಬೇಕಾದ ಸ್ವರವೇ ಬರುವಂತೆ, ಇಂಗ್ಲಿಷಿನ ಕೈಪಿಡಿ ಓದಿ, ಒಬ್ಬರೇ ಕೂತು ಮಾಡಿಕೊಂಡಿದ್ದರು. ನೆನಪು ಹೋಗುತ್ತಿದೆಯೆಂದು ನಾವು ಎಣಿಸುತ್ತಿದ್ದ ದಿನಗಳಲ್ಲಿ.

ಆ ರಾತ್ರಿ ಡ್ರೈವರಿನ ಮೂಲ ಬರಹವನ್ನು ತೆರೆದು ಓದಿದೆವು. ಚಾನೆಲ್ಲುಗಳನ್ನೆಲ್ಲ ಮೊದಲ ಸ್ಥಿತಿಗೆ ತರುವ ಕಡೆ, ಚಕ್ರದ ವ್ಯಾಪ್ತಿಗೆ 256 ಎಂದು ಬರೆದಿದೆ. ಎರಡು ಅರ್ಧಸ್ವರವೆಂದು ಪಕ್ಕದಲ್ಲಿ ಟಿಪ್ಪಣಿಯೂ ಇದೆ. ಅರ್ಧಸ್ವರವೊಂದಕ್ಕೆ 128ರಂತೆ ಲೆಕ್ಕ. ಯಾರೂ ಏನೂ ಹೇಳದಿದ್ದರೆ ಎರಡು ಎಂದು ಭಾವಿಸುವುದು ಮಿಡಿ ಲೋಕದ ವಾಡಿಕೆ. ಮೊಬೈಲಿನ ಆ್ಯಪ್ ಕೂಡ ಅದನ್ನೇ ಮಾಡಿತ್ತು. ನಮ್ಮ ಇಬ್ಬರು ಸಾಕ್ಷಿಗಳೂ ಕಂಡದ್ದನ್ನು ಹೇಳಿರಲಿಲ್ಲ, ಒಂದೇ ವಾಡಿಕೆಯನ್ನು ಒಪ್ಪಿಸಿದ್ದರು. ಚಕ್ರದ ಸಂದೇಶ ಸೊನ್ನೆಯಿಂದ 16,383ರವರೆಗಿನ ಒಂದು ಅಂಕಿ, ನಟ್ಟನಡುವೆ 8,192. ‘ಚಕ್ರವನ್ನು ಇಷ್ಟು ನೂಕಿದರು’ ಎಂದಷ್ಟೇ ಅದು ಹೇಳುತ್ತದೆ. ಸ್ವರ ಎಲ್ಲಿಗೆ ಹೋಯಿತೆಂದು ಹೇಳುವುದಿಲ್ಲ. ಅಪ್ಪ ವ್ಯಾಪ್ತಿಯನ್ನು ಬದಲಿಸಿದ್ದು ರೆಕಾರ್ಡಿಂಗ್ ಶುರುವಾಗುವ ಮೊದಲು, ಕೀಬೋರ್ಡಿನ ಮೈಮೇಲಿನ ಗುಂಡಿಯಿಂದ. ಕಡತದಲ್ಲಿ ಅದರ ಸುಳಿವೇ ಇಲ್ಲ. ಡ್ರೈವರ್ ತನಗೆ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ನೆನಪಿಟ್ಟಿತ್ತು, ತಪ್ಪು ಅದರದ್ದಲ್ಲ.

ಕಡತದ ಸಂದೇಶಗಳನ್ನು ಸಾಲಾಗಿ ಮುದ್ರಿಸಿ ನೋಡಿದರೆ ಎಲ್ಲವೂ ಅಲ್ಲೇ ಇತ್ತು. ಅಪ್ಪನ ಷಡ್ಜ ಕಾಳೀ ಒಂದು, ಮಿಡಿಯ ಎಣಿಕೆಯಲ್ಲಿ 61. 61 ಒತ್ತಿದರು, ಚಕ್ರ 16,383ರವರೆಗೂ ಹೋಯಿತು, ಹಿಂದಿರುಗಿತು, ಆಮೇಲೆ 68 ಒತ್ತಿದರು. 68 ಎಂದರೆ ಪಂಚಮ. ಜಾರಿ ಮುಟ್ಟಿದ ಸ್ವರವನ್ನೇ ಮತ್ತೆ ಬೆರಳಿನಿಂದ ಹೇಳುತ್ತಿದ್ದರು, ಗಾಯಕರು ಒಂದು ಸ್ವರವನ್ನು ತಲುಪಿ ಅದನ್ನೇ ಇನ್ನೊಮ್ಮೆ ಒತ್ತಿ ಹೇಳುವಂತೆ. ಪುಟಪುಟದಲ್ಲೂ ಹೀಗೆಯೇ. ಮೂರು ವರ್ಷ ಮೊದಲೇ ನಾವು ಇದನ್ನು ನೋಡಬಹುದಿತ್ತು. ಮಧ್ಯಮದಿಂದ ನೂಕಿದ್ದು ಎರಡು ಅರ್ಧಸ್ವರ ಏರಿ ಪಂಚಮದಲ್ಲಿ ನಿಂತಿದ್ದು ನಮ್ಮ ಕಿವಿಗೆ ಚುಚ್ಚಿರಲೇ ಇಲ್ಲ, ರಾಗದೊಳಗೇ ಇತ್ತಲ್ಲ! ಚುಚ್ಚಿದ್ದು ರಿಷಭ ಮಾತ್ರ.

ತಿದ್ದುವುದು ಸುಲಭ. ಕಡತದ ಮೊದಲಿಗೆ ಆರು ಸಂದೇಶಗಳು. ಕಂಟ್ರೋಲರ್ 101ಕ್ಕೆ ಸೊನ್ನೆ, 100ಕ್ಕೆ ಸೊನ್ನೆ: ಈಗ ಆಡುವ ಮಾತು ಚಕ್ರದ ವ್ಯಾಪ್ತಿಯದು ಎಂದು ಪೀಠಿಕೆ. 6ಕ್ಕೆ 7, 38ಕ್ಕೆ ಸೊನ್ನೆ: ಏಳು ಅರ್ಧಸ್ವರ. ಮತ್ತೆ 101, 100 ಎರಡಕ್ಕೂ 127: ಆ ಮಾತು ಮುಗಿಯಿತು. ಮೂರನೆಯ ಸಂದೇಶದ 7 ತನ್ನಷ್ಟಕ್ಕೆ ಯಾವುದರ ಏಳೆಂದು ಹೇಳುವುದಿಲ್ಲ. ಪೀಠಿಕೆಯನ್ನು ಡ್ರೈವರ್ ನೆನಪಿಟ್ಟಿದ್ದರೆ ಮಾತ್ರ ಅರ್ಥ. ಮೊದಲು 256 ಇದ್ದ ಕಡೆ ಈಗ 896 ಬಂದು ಕೂರುತ್ತದೆ. ಒಟ್ಟು ಹದಿನೆಂಟು ಬೈಟು. 2020ರಲ್ಲಿ ಬಂದ ಮಿಡಿಯ ಎರಡನೆಯ ಆವೃತ್ತಿಯಲ್ಲಿ ವಾದ್ಯಗಳು ಒಂದನ್ನೊಂದು ಪ್ರಶ್ನಿಸಿ ಉತ್ತರ ಪಡೆಯಬಹುದು, ಲಿನಕ್ಸ್ ಕೂಡ 2023ರಿಂದ ಅದನ್ನು ಬಲ್ಲದು. ನಮಗೆ ಅದರಿಂದ ಉಪಯೋಗವಿಲ್ಲ. ಪ್ರಶ್ನಿಸಬೇಕಾದಾಗ ನಾವು ಪ್ರಶ್ನಿಸಲಿಲ್ಲ.

ತಿದ್ದಿದ ಕಡತಗಳನ್ನು ಅವ್ವನ ಜೊತೆ ಕೂತು ಕೇಳಿದೆವು. ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಒಂದು ಕಡೆ ಅದೇ ಸಾಲನ್ನು ಐದು ಸಲ ನುಡಿಸುತ್ತಾರೆ, ಪ್ರತಿ ಸಲವೂ ಮೊದಲ ಸಲವೆಂಬಂತೆ. ಇನ್ನೊಂದು ಕಡೆ ಅಂತರಾ ಎತ್ತಿಕೊಂಡು, ಮುಂದೇನೆಂದು ತಿಳಿಯದೆ ನಿಲ್ಲುತ್ತಾರೆ. ಅದಕ್ಕೆ ಬೈಟುಗಳ ಔಷಧವಿಲ್ಲ. ಒಂದು ಕಡತದ ನಡುವೆ ನಾಲ್ಕು ನಿಮಿಷ ಯಾವ ಸಂದೇಶವೂ ಇಲ್ಲ. ನಾವು ಮುಂದಕ್ಕೆ ಓಡಿಸಲು ಹೋದಾಗ ಅವ್ವ ತಡೆದಳು. ‘ಇರ್ಲಿ ಬಿಡು. ಚಾ ಕುಡೀಲಿಕ್ಕೆ ಎದ್ದಾರ’ ಎಂದಳು. ಕಾದೆವು. ನಾಲ್ಕು ನಿಮಿಷದ ಮೇಲೆ ಷಡ್ಜದಿಂದ ಮತ್ತೆ ಶುರುವಾಯಿತು.

ಕಡತಗಳು ಒಟ್ಟು ಹನ್ನೊಂದು. ಕೊನೆಯ ಮೂರು ನಾವು ಫೋನ್ ಮಾಡಿದ ಭಾನುವಾರದ ನಂತರದವು. ಅವುಗಳಲ್ಲೂ ಭೀಮಪಲಾಸಿಯೇ ಇದೆ, ನಿಯಮಕ್ಕೆ ಸರಿಯಾಗಿಯೇ ಇದೆ. ಆದರೆ ಚಕ್ರದ ಸಂದೇಶ ಒಂದೂ ಇಲ್ಲ. ಬರಿಯ ಮನೆಗಳು, ಹಾರ್ಮೋನಿಯಂ ನುಡಿಸುತ್ತಿದ್ದ ಹಾಗೆ, ಒಂದೊಂದೇ ಮೆಟ್ಟಿಲು.

ಆ ಮೂರಕ್ಕೂ ಹದಿನೆಂಟು ಬೈಟುಗಳನ್ನು ಸೇರಿಸಿಟ್ಟಿದ್ದೇವೆ. ಅಲ್ಲಿ ಅವುಗಳಿಗೆ ಕೆಲಸವಿಲ್ಲ.